ಹೊಸ ಕೃಷಿ ಹೊಂಡ: ನೀರು ಕದಡಿದೆಯಾ, ಹಸಿರಾಗಿದೆಯಾ?

ಮಳೆ ಬಿದ್ದರೆ ಸಾಕು, ರಾಯಚೂರು, ದೇವದುರ್ಗ, ಮಾನ್ವಿ ಕಡೆಯಿಂದ ಹೊಸ ಹೊಂಡದ ಫೋಟೊ ಬರ್ತಾವೆ: "ಏನ್ ಹಾಕ್ಬೇಕ್ರಿ?" ಹಾಕೋ ಮೊದಲು ಗುರುತು ಹಿಡೀರಿ ಅಂತೀನಿ. ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ನೋಡಿ. ಕಂದು ಇದ್ದರೆ ಮಣ್ಣು, ಹಸಿರಿದ್ದರೆ ಪಾಚಿ.

ಎರೆಮಣ್ಣಿನ ಜೇಡಿ ಕಣಗಳು ಒಂದನ್ನೊಂದು ದೂರ ತಳ್ಳುವುದರಿಂದ ಬೇಗ ತಳ ಸೇರುವುದಿಲ್ಲ. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಅವನ್ನು ಕೂಡಿಸುತ್ತದೆ. 10 ಲೀಟರಿನ ಮೂರು ಬಕೆಟ್‌ಗಳಲ್ಲಿ 1, 2, 3 ಗ್ರಾಂ ಕಲಸಿ ಮರುದಿನ ನೋಡ್ರಿ. ನೀರು ತಿಳಿಯಾದ ಕನಿಷ್ಠ ಪ್ರಮಾಣವನ್ನೇ ಹಿಡಿಯಿರಿ. 2 ಗ್ರಾಂ ಸಾಕಾದರೆ 1 ಲಕ್ಷ ಲೀಟರಿಗೆ 20 ಕೆ.ಜಿ.

ಪಾಚಿಗೆ ಬೇಕಾದ್ದು ಬಿಸಿಲು, ಗೊಬ್ಬರ. ಹೊಲದ ಯೂರಿಯಾ, ಡಿಎಪಿ ತೊಳೆದ ನೀರು ನೇರ ಒಳಗೆ ಬರದಂತೆ ಹುಲ್ಲಿನ ಪಟ್ಟಿ ಬೆಳೆಸಿ. ಮೀನು ಬಿಟ್ಟಿದ್ದರೆ ಮೈಲುತುತ್ತ ಸುರೀಬ್ಯಾಡ್ರಿ. ಸತ್ತ ಪಾಚಿ ಕೊಳೆಯುವಾಗ ಆಮ್ಲಜನಕ ಮುಗಿದು ಮೀನೂ ಸಾಯುತ್ತವೆ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಸಗಣಿ, ಮೇವು ನಿಲ್ಲಿಸಿ, ಪಂಪಿನಿಂದ ಹೊಂಡದ ನೀರನ್ನು ಹೊಂಡಕ್ಕೇ ಚಿಮ್ಮಿಸಿ.

ಡ್ರಿಪ್ ಇದ್ದವರು ಫುಟ್‌ವಾಲ್ವನ್ನು ಖಾಲಿ ಕ್ಯಾನಿಗೆ ಕಟ್ಟಿ, ನೀರಿನ ಮೇಲ್ಮೈಯಿಂದ 2 ಅಡಿ ಕೆಳಗೆ ಇರುವಂತೆ ತೇಲಿಬಿಡಿ. ಮೇಲಿನ ಪಾಚಿ, ತಳದ ಹೂಳು ಎರಡೂ ಕಡಿಮೆ ಬರುತ್ತವೆ. ಆದರೂ ಸ್ಯಾಂಡ್ ಫಿಲ್ಟರ್ ತೊಳೆಯೋದು ಮರೀಬ್ಯಾಡ್ರಿ.