ಕುಡಿತ ಬಿಡಿ, ಆದರೆ ಒಬ್ಬರೇ ಬಿಡಲು ಹೋಗಬೇಡಿ



ಕೆಚ್ಚಲು ಬಾವು, ಬೆದೆಯ ಲಕ್ಷಣ, ಕರುಗಳ ಪಾಲನೆ ಮುಂತಾದ ವಿಷಯಗಳನ್ನು ಈ ಪುಟದಲ್ಲಿ ಬರೆಯುತ್ತಾ ಬಂದಿದ್ದೇನೆ. ಈ ಸಲ ರಾಸಿನ ಬದಲು ರಾಸು ಸಾಕುವವರ ಆರೋಗ್ಯದ ಬಗ್ಗೆ ಬರೆಯುತ್ತಿದ್ದೇನೆ. ನಾನೇ ಮಾಡಿದ ಒಂದು ತಪ್ಪು ಇದಕ್ಕೆ ಕಾರಣ.

ಕೆಲವು ವರ್ಷಗಳ ಹಿಂದೆ ಕೆಚ್ಚಲು ಬಾವು ಬಂದ ಹಸುವನ್ನು ನೋಡಲು ಒಬ್ಬ ಸದಸ್ಯರ ಮನೆಗೆ ಹೋಗಿದ್ದೆ. ಬೆಳಗಿನ ಹೊತ್ತು ಅವರ ಕೈ ನಡುಗುತ್ತಿತ್ತು. ಪೂರ್ತಿ ಹಾಲು ಕರೆಯಲು ಆಗದೆ ಕೆಚ್ಚಲಿನಲ್ಲೇ ಉಳಿಯುತ್ತಿತ್ತು. ಹದಿನೈದು ವರ್ಷಗಳಿಂದ ದಿನವೂ ಕುಡಿಯುತ್ತಿದ್ದರು. ನಾನು ಗದರಿಸಿ, "ಇವತ್ತಿಗೇ ಬಿಟ್ಟುಬಿಡಿ" ಎಂದು ಹಸು ಮುಟ್ಟಿಸಿ ಆಣೆ ಮಾಡಿಸಿ ಬಂದೆ. ಅವರು ಮಾತು ಉಳಿಸಿಕೊಂಡರು. ಎರಡನೆಯ ದಿನ ಫಿಟ್ಸ್ ಬಂತು. ಮೂರನೆಯ ರಾತ್ರಿ ಕೊಟ್ಟಿಗೆ ತುಂಬಾ ಹಾವುಗಳಿವೆ ಎಂದು ಕೂಗಾಡಿದರು. ಮನೆಯವರು ಗಾಳಿ ಸೋಕಿದೆಯೆಂದು ಯಂತ್ರ ಕಟ್ಟಿಸಲು ಹೊರಟಿದ್ದರು. ಸಂಘದ ಕಾರ್ಯದರ್ಶಿಯವರು ಹಟ ಹಿಡಿದು ಆಸ್ಪತ್ರೆಗೆ ಸೇರಿಸಿದ್ದರಿಂದ ಜೀವ ಉಳಿಯಿತು. ಅಲ್ಲಿನ ವೈದ್ಯರು ನನಗೆ, "ಇಂಥವರಿಗೆ ಒಮ್ಮೆಲೇ ನಿಲ್ಲಿಸಿ ಅಂತ ಹೇಳಬಾರದು ಡಾಕ್ಟ್ರೇ, ಮೊದಲು ನಮ್ಮ ಹತ್ತಿರ ಕಳಿಸಬೇಕು" ಎಂದರು. ಆ ಮಾತನ್ನು ನಿಮಗೂ ತಿಳಿಸುವುದು ನನ್ನ ಕರ್ತವ್ಯ.

ಕೈ ನಡುಗುವುದೇಕೆ?

ಹಬ್ಬದ ಮರುದಿನ ಉಳಿದ ಅನ್ನವನ್ನೆಲ್ಲಾ ತಿಂದ ಹಸು ಹೊಟ್ಟೆ ಕೆಟ್ಟು ಮಲಗಿಬಿಡುವುದನ್ನು ನೀವು ನೋಡಿದ್ದೀರಿ. ಅದರ ಹೊಟ್ಟೆ ಒಂದು ಬಗೆಯ ಮೇವಿಗೆ ಒಗ್ಗಿರುತ್ತದೆ, ಹಠಾತ್ ಬದಲಾವಣೆಯನ್ನು ತಡೆಯಲಾರದು. ಆದ್ದರಿಂದಲೇ ಹೊಸ ಮೇವನ್ನು ಹತ್ತು ಹದಿನೈದು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ ಎನ್ನುತ್ತೇವೆ. ಮನುಷ್ಯನ ಮಿದುಳೂ ಹೀಗೆಯೇ ಮದ್ಯಕ್ಕೆ ಒಗ್ಗಿಕೊಳ್ಳುತ್ತದೆ.

ಮದ್ಯವು ಮಿದುಳನ್ನು ಮಂದಗೊಳಿಸುತ್ತದೆ. ದಿನವೂ ಕುಡಿದರೆ ಮಿದುಳು ಅದಕ್ಕೆದುರಾಗಿ ಹೆಚ್ಚು ಚುರುಕಾಗಿ ಕೆಲಸ ಮಾಡಲು ಕಲಿಯುತ್ತದೆ. ಭಾರ ಎಳೆಯುತ್ತಿರುವ ಎತ್ತುಗಳ ಹಗ್ಗ ತಟ್ಟನೆ ಹರಿದರೆ ಅವು ಮುಗ್ಗರಿಸುವಂತೆ, ಮದ್ಯ ಒಮ್ಮೆಲೇ ನಿಂತಾಗ ಮಿದುಳು ಹತೋಟಿ ತಪ್ಪುತ್ತದೆ. 180 ಮಿ.ಲೀ. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಅದನ್ನು ಕರಗಿಸಲು ಪಿತ್ತಜನಕಾಂಗಕ್ಕೆ ಆರರಿಂದ ಎಂಟು ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ಕುಡಿದದ್ದು ಬೆಳಗಿನ ಹಾಲು ಕರೆಯುವ ಹೊತ್ತಿಗೆ ಇಳಿದುಹೋಗಿರುತ್ತದೆ. ಬಹುಕಾಲದಿಂದ ಕುಡಿಯುವವರ ಕೈ ಆಗಲೇ ನಡುಗುತ್ತದೆ. ಒಂದು ಗುಟುಕು ಕುಡಿದೊಡನೆ ನಡುಕ ನಿಂತರೆ ಅದು ಶಕ್ತಿ ಬಂದ ಗುರುತಲ್ಲ, ದೇಹ ಮದ್ಯಕ್ಕೆ ಅಧೀನವಾಗಿದೆ ಎಂಬುದರ ಗುರುತು. ಇದು ರೋಗ. ಇದಕ್ಕೆ ಚಿಕಿತ್ಸೆ ಇದೆ.

ಅಪಾಯದ ಲಕ್ಷಣಗಳು

1. ಕೊನೆಯ ಬಾರಿ ಕುಡಿದ 6ರಿಂದ 24 ಗಂಟೆಗಳಲ್ಲಿ ನಡುಕ, ಬೆವರು, ವಾಂತಿ, ಎದೆಬಡಿತ, ನಿದ್ರೆ ಬಾರದಿರುವುದು.
2. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು.
3. ಎರಡರಿಂದ ನಾಲ್ಕನೆಯ ದಿನದೊಳಗೆ ಜ್ವರ, ಗಾಬರಿ, ಇಲ್ಲದ್ದು ಕಾಣುವುದು, ಊರು, ದಿನ, ಹೊತ್ತು ತಿಳಿಯದಿರುವುದು. ಇದು ಗಾಳಿ ಸೋಕಿದ್ದಲ್ಲ. ಚಿಕಿತ್ಸೆ ಸಿಗದಿದ್ದರೆ ಪ್ರಾಣಾಪಾಯವಿದೆ.

ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಬೆಳಿಗ್ಗೆ ನಡುಕ ಬರುವವರು, ಹಿಂದೆ ಫಿಟ್ಸ್ ಬಂದವರು, ವಯಸ್ಸಾದವರು, ಸಕ್ಕರೆ ಕಾಯಿಲೆ ಅಥವಾ ಕಾಮಾಲೆ ಇರುವವರು ವೈದ್ಯರ ಸಲಹೆ ಇಲ್ಲದೆ ಕುಡಿತ ನಿಲ್ಲಿಸಬಾರದು. "ಹಾಗಾದರೆ ಕುಡಿಯುತ್ತಲೇ ಇರೋಣ" ಎಂದು ಅರ್ಥ ಮಾಡಿಕೊಳ್ಳಬೇಡಿ. ನಾಳೆಯೇ ಆಸ್ಪತ್ರೆಗೆ ಹೋಗಿ ಎಂದು ಅರ್ಥ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ನಡುಕ ಮತ್ತು ಫಿಟ್ಸ್ ತಡೆಯುವ ಮಾತ್ರೆ ಕೊಟ್ಟು, ಕೆಲವು ದಿನಗಳಲ್ಲಿ ಅದನ್ನು ಕಡಿಮೆ ಮಾಡುತ್ತಾ ನಿಲ್ಲಿಸುತ್ತಾರೆ. ಈ ಮಾತ್ರೆಗಳನ್ನು ಔಷಧಿ ಅಂಗಡಿಯಿಂದ ತಾವಾಗಿ ತಂದು ನುಂಗಬಾರದು. ಜೊತೆಗೆ ಬಿ1 ಜೀವಸತ್ವದ ಚುಚ್ಚುಮದ್ದು ಕೊಡುತ್ತಾರೆ. ಹಸುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಬಿ1 ಅನ್ನು ಅಲ್ಲೇ ತಯಾರಿಸುತ್ತವೆ, ನಮಗೆ ಅದು ಊಟದಿಂದಲೇ ಬರಬೇಕು. ದಿನವೂ ಕುಡಿಯುವವರು ಸರಿಯಾಗಿ ಉಣ್ಣುವುದಿಲ್ಲ, ಉಂಡದ್ದೂ ಮೈಗೆ ಹತ್ತುವುದಿಲ್ಲ. ಬಿ1 ಕೊಡದೆ ಬರೀ ಗ್ಲೂಕೋಸ್ ಬಾಟಲಿ ಹಾಕಿಸಿದರೆ ಮಿದುಳಿಗೆ ಹಾನಿಯಾಗಬಹುದು. ಆದ್ದರಿಂದ ಎಷ್ಟು ಕುಡಿಯುತ್ತೀರಿ, ಕೊನೆಯ ಸಲ ಯಾವಾಗ ಕುಡಿದಿರಿ ಎಂಬುದನ್ನು ವೈದ್ಯರಿಗೆ ಮುಚ್ಚಿಡಬೇಡಿ.

ಮನೆಯವರಿಗೆ ಒಂದು ಎಚ್ಚರಿಕೆ. ಕುಡಿತ ಬಿಡಿಸುವ ಪುಡಿ, ಮಾತ್ರೆಗಳನ್ನು ಗೊತ್ತಾಗದಂತೆ ಸಾರಿನಲ್ಲಿ ಬೆರೆಸಬೇಡಿ. ಡೈಸಲ್ಫಿರಾಮ್ ಎಂಬ ಮಾತ್ರೆ ಒಳಗಿರುವಾಗ ಕುಡಿದರೆ ವಾಂತಿಯಾಗಿ, ರಕ್ತದೊತ್ತಡ ಕುಸಿದು ಸಾವೂ ಸಂಭವಿಸಬಹುದು. ಅದನ್ನು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು, ವೈದ್ಯರೇ ಕೊಡಬೇಕು.

ಆಸ್ಪತ್ರೆಯಿಂದ ಬಂದ ಮೇಲೆ

ನಡುಕ ನಿಲ್ಲುವುದು ಮೊದಲ ಹೆಜ್ಜೆ ಮಾತ್ರ. ಕುಡಿಯಬೇಕೆಂಬ ಆಸೆ ತಿಂಗಳುಗಟ್ಟಲೆ ಕಾಡುತ್ತದೆ. ಅದನ್ನು ಕಡಿಮೆ ಮಾಡುವ ಮಾತ್ರೆಗಳಿವೆ, ಆದರೆ ಅದಕ್ಕಿಂತ ಹೆಚ್ಚಾಗಿ ಜೊತೆಗಾರರು ಬೇಕು. 1935ರಲ್ಲಿ ಅಮೆರಿಕದಲ್ಲಿ ಕುಡಿತ ಬಿಟ್ಟ ಇಬ್ಬರು ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು ನಮ್ಮ ರಾಜ್ಯದಲ್ಲೂ ನಡೆಯುತ್ತವೆ. ಶುಲ್ಕವಿಲ್ಲ, ಹೆಸರು ಹೊರಗೆ ಹೋಗುವುದಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಸೇರುತ್ತಿರುತ್ತಾರೆ. ಶಿಬಿರಕ್ಕೆ ಸೇರುವ ಮುನ್ನವೂ ವೈದ್ಯರನ್ನು ಕಾಣಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. ಮನೆಯಿಂದಲೇ ಮಾತನಾಡಲು 14446 (ವ್ಯಸನಮುಕ್ತಿ ಸಹಾಯವಾಣಿ) ಅಥವಾ 14416 (ಟೆಲಿ ಮಾನಸ್) ಉಚಿತ ದೂರವಾಣಿಗಳಿವೆ.

ಸಂಘದವರು ಏನು ಮಾಡಬಹುದು?

"ಒಂದು ವಾರ ಆಸ್ಪತ್ರೆ ಸೇರಿದರೆ ಹಸು ಕರೆಯುವವರು ಯಾರು?" ಎಂದು ಅನೇಕರು ಚಿಕಿತ್ಸೆಯನ್ನೇ ಮುಂದೂಡುತ್ತಾರೆ. ಇಲ್ಲಿ ನೆರೆಯವರು ಕೈ ಜೋಡಿಸಬಹುದು. ಹೊಸ ಕೈಗೆ ಹಸು ಬೇಗ ಸೊರೆ ಬಿಡುವುದಿಲ್ಲ. ಆದ್ದರಿಂದ ಕರೆಯುವವರು ಎರಡು ದಿನ ಮೊದಲೇ ಬಂದು ಹಸುವಿನ ಮೈ ಸವರಿ, ಹಿಂಡಿ ಇಟ್ಟು ರೂಢಿ ಮಾಡಿಕೊಳ್ಳಲಿ. ಹಾಲು ಹಾಕುವ ಸಾಲಿನಲ್ಲಿ ಯಾರೂ ಹಂಗಿಸದಂತೆ ಕಾರ್ಯದರ್ಶಿಗಳು ನೋಡಿಕೊಳ್ಳಲಿ. ಬಟವಾಡೆಯ ಹಣ ಯಾರ ಕೈಯಲ್ಲಿರಬೇಕೆಂಬುದನ್ನು ಬಿಡುತ್ತಿರುವವರೇ ಮನೆಯವರೊಂದಿಗೆ ಕೂತು ತೀರ್ಮಾನಿಸಲಿ.

ಆ ಸದಸ್ಯರು ಈಗಲೂ ಹಾಲು ಹಾಕುತ್ತಿದ್ದಾರೆ. ನಡುವೆ ಒಂದು ಜಾತ್ರೆಯಲ್ಲಿ ಮತ್ತೆ ಕುಡಿದರು. ಆ ಸಲ ನಾನು ಗದರಿಸಲಿಲ್ಲ, ಜೊತೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋದೆ. ಕೆಚ್ಚಲು ಬಾವು ಮರುಕಳಿಸಿದರೆ ನಾವು ಹಸುವನ್ನು ಬೈಯುವುದಿಲ್ಲ, ಮತ್ತೆ ಚಿಕಿತ್ಸೆ ಕೊಡಿಸುತ್ತೇವೆ. ಮನುಷ್ಯರಿಗೂ ಅಷ್ಟು ಮಾಡೋಣ.