ನಿಮ್ಮ ಗಲ್ಲಿಗೆ ಬಂದಿರುವ ವೈರ್ ಯಾರದು?

ಬೆಂಗಳೂರಿನ ಗಾಂಧಿನಗರದ ಅಡ್ಡರಸ್ತೆಯಲ್ಲಿ ನಿಂತು ತಲೆ ಎತ್ತಿದರೆ ಆಕಾಶಕ್ಕಿಂತ ಮೊದಲು ಕಪ್ಪು ವೈರ್‌ಗಳ ಗೋಜಲು ಕಣ್ಣಿಗೆ ಬೀಳುತ್ತದೆ. ಕರೆಂಟ್ ಕಂಬದಿಂದ ಲಾಡ್ಜಿನ ತಾರಸಿಗೆ, ಅಲ್ಲಿಂದ ಸಿನಿಮಾ ವಿತರಕರ ಆಫೀಸಿನ ಕಿಟಕಿಗೆ, ಮತ್ತೆ ಎದುರಿನ ಮರಕ್ಕೆ. ಅವುಗಳಲ್ಲಿ ಎಷ್ಟೋ ಸತ್ತ ವೈರ್‌ಗಳು. ಗಿರಾಕಿ ಕಂಪನಿ ಬದಲಿಸಿದರೂ ಹಳೆಯ ವೈರ್ ಬಿಚ್ಚುವವರಿಲ್ಲ. ಮನೆಗೆ ಇಂಟರ್ನೆಟ್ ಹಾಕಿಸುವವರು ಜಾಹೀರಾತಿಗಿಂತ ಮೊದಲು ನೋಡಬೇಕಾದ್ದು ಈ ಗೋಜಲನ್ನೇ.

1995ರ ಆಗಸ್ಟ್ 15ರಂದು ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡತೊಡಗಿದಾಗ ಆಯ್ಕೆಯ ತಲೆನೋವೇ ಇರಲಿಲ್ಲ. ಮೋಡೆಮ್ ಕೀರಲು ದನಿ ತೆಗೆದು ಸಂಪರ್ಕ ಹಿಡಿದರೆ ಅಷ್ಟೂ ಹೊತ್ತು ಮನೆಯ ಫೋನ್ ಎಂಗೇಜ್. 2005ರಲ್ಲಿ ಬಿಎಸ್‌ಎನ್‌ಎಲ್ ಫೋನಿನ ತಾಮ್ರದ ತಂತಿಯಲ್ಲೇ ಬ್ರಾಡ್‌ಬ್ಯಾಂಡ್ ತಂದಿತು. ಆಗ ಸರ್ಕಾರದ ಲೆಕ್ಕದಲ್ಲಿ 256 ಕೆಬಿಪಿಎಸ್ ಇದ್ದರೆ ಅದೇ ಬ್ರಾಡ್‌ಬ್ಯಾಂಡ್. 2023ರಿಂದ ಕನಿಷ್ಠ 2 ಎಂಬಿಪಿಎಸ್ ಬೇಕು. ತಾಮ್ರಕ್ಕೊಂದು ಕಾಯಿಲೆ: ಎಕ್ಸ್‌ಚೇಂಜಿನಿಂದ ದೂರವಾದಷ್ಟೂ ವೇಗ ಸೊರಗುತ್ತಿತ್ತು. ಗಾಜಿನ ಎಳೆಯ ಫೈಬರ್‌ಗೆ ಆ ತೊಂದರೆ ಇಲ್ಲ. ಈಗ ಬೆಂಗಳೂರಿನದೇ ಆದ ಆ್ಯಕ್ಟ್, ಏರ್‌ಟೆಲ್, 2019ರ ಸೆಪ್ಟೆಂಬರ್‌ನಲ್ಲಿ ಬಂದ ಜಿಯೋಫೈಬರ್, ಬಿಎಸ್‌ಎನ್‌ಎಲ್, ಜೊತೆಗೆ ಏರಿಯಾದ ಕೇಬಲ್‌ನವರು. ಪಟ್ಟಿಯೇನೋ ಉದ್ದ. ಆದರೆ ನಿಮ್ಮ ಬಿಲ್ಡಿಂಗಿಗೆ ಇವರಲ್ಲಿ ಎಷ್ಟು ಜನರ ವೈರ್ ಬಂದಿದೆ, ಓನರ್ ಎಷ್ಟು ಜನರಿಗೆ ಗೋಡೆ ಕೊರೆಯಲು ಬಿಟ್ಟಿದ್ದಾರೆ ಎಂದು ಕೇಳಿದರೆ ಅದು ಒಂದೋ ಎರಡೋ ಹೆಸರಿಗೆ ಇಳಿಯುವುದುಂಟು.

ಮಲ್ಲೇಶ್ವರ, ಬಸವನಗುಡಿಗಳ ಮರಗಳು ಊರಿಗೆ ನೆರಳು, ವೈರ್‌ಗೆ ಯಮ. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಕೊಂಬೆ ಬಿದ್ದರೆ ಫೈಬರ್ ತುಂಡಾಗುತ್ತದೆ. ಮನೆಯೊಳಗಿನ ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ಎಂಬ ಕೆಂಪು ದೀಪ ಮಿಟುಕುತ್ತದೆ. ಹೊರಗಿನಿಂದ ಬೆಳಕು ಬರುತ್ತಿಲ್ಲ ಎಂದರ್ಥ. ಆಗ ರೂಟರ್ ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಿಲ್ಲ. ಕಂಪನಿಯ ಹುಡುಗರು ಬಂದು, ಕಂಬದ ಬುಡದಲ್ಲಿ ಕೂತು, ಕೂದಲಿನಷ್ಟು ತೆಳುವಾದ ಎಳೆಯ ಎರಡು ತುದಿಗಳನ್ನು ಸ್ಪ್ಲೈಸಿಂಗ್ ಮೆಷಿನ್‌ನಲ್ಲಿ ಕರಗಿಸಿ ಕೂಡಿಸಬೇಕು. ಅವರು ಅದೇ ದಿನ ಬರುತ್ತಾರೋ, ಮೂರು ದಿನ ‘ಹೊರಟಿದ್ದೀವಿ ಸಾರ್’ ಎನ್ನುತ್ತಾರೋ? ಯಾವ ಜಾಹೀರಾತೂ ಹೇಳದ ಈ ಸಂಗತಿ ಮೇಲಿನ ಮಹಡಿಯ ಬಾಡಿಗೆದಾರರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ಹಳೆಯ ಮನೆಗಳ ಗೋಡೆ. ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಗಾರೆಯ ದಪ್ಪ ಗೋಡೆಗಳಿವೆ. 5 ಗಿಗಾಹರ್ಟ್ಸ್ ವೈಫೈ ವೇಗದ್ದು, ಆದರೆ ಗೋಡೆ ದಾಟುವಾಗ ಬೇಗ ಸುಸ್ತಾಗುತ್ತದೆ, 2.4 ನಿಧಾನ, ಆದರೆ ದೂರ ಹೋಗುತ್ತದೆ. ಹಜಾರದಲ್ಲಿ 300 ಎಂಬಿಪಿಎಸ್ ಪ್ಲಾನ್ ಹಾಕಿಸಿ ಹಿತ್ತಲ ಕೋಣೆಯಲ್ಲಿ ಕಂಪನಿಯನ್ನು ಬೈಯುವವರು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರಸ್ತೆಗೆ ಹೋಗಿ ಇನ್ನೊಂದು ರೂಟರ್ ತಂದರೆ ಸಾಕಾಗುತ್ತದೆ.

ಬಿಲ್ಲಿನ ಗಣಿತವೂ ಬೇಕು. ಜಾಹೀರಾತಿನ 499 ರೂಪಾಯಿಗೆ ಶೇ. 18 ಜಿಎಸ್‌ಟಿ ಸೇರಿದರೆ 589 ಆಗುತ್ತದೆ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್, ಅಂದರೆ ಡೌನ್‌ಲೋಡ್ ಆಗುವುದು ಹನ್ನೆರಡೂವರೆ ಮೆಗಾಬೈಟ್ ಮಾತ್ರ. ‘ಅನ್‌ಲಿಮಿಟೆಡ್’ಗೂ ಅನೇಕ ಪ್ಲಾನ್‌ಗಳಲ್ಲಿ ತಿಂಗಳಿಗೆ 3,300 ಜಿಬಿಯ ಬೇಲಿ ಇದೆ, ಸಾಮಾನ್ಯ ಸಂಸಾರ ಅಷ್ಟು ದೂರ ಹೋಗುವುದಿಲ್ಲ ಅನ್ನಿ. ಆದರೆ ಗಾಂಧಿನಗರದಲ್ಲಿ ಸಿನಿಮಾದ ವಿಡಿಯೊ ಕಳಿಸುವ ಎಡಿಟರ್‌ಗಳು ಕೇಳಬೇಕಾದ್ದು ಅಪ್‌ಲೋಡ್ ವೇಗ. ಅದನ್ನು ಹೇಳದ ಏಜೆಂಟನ ಬಾಯಿಂದ ಹೇಳಿಸಿಕೊಳ್ಳಬೇಕು.

ಚೀನಾಕ್ಕೆ ಕೆಲಸಕ್ಕೋ ಓದಿಗೋ ಹೋದ ಕನ್ನಡಿಗರಿಗೆ ಲೆಕ್ಕಾಚಾರವೇ ಬೇರೆ. ಅಲ್ಲಿ ಇರುವುದು ಮುಖ್ಯವಾಗಿ ಮೂರೇ ಕಂಪನಿಗಳು, ಮೂರೂ ಸರ್ಕಾರದವು: ಚೀನಾ ಟೆಲಿಕಾಂ, ಚೀನಾ ಯುನಿಕಾಂ, ಚೀನಾ ಮೊಬೈಲ್. ಹಿಂದಿನ ಹಂಚಿಕೆಯಿಂದಾಗಿ ಉತ್ತರದಲ್ಲಿ ಯುನಿಕಾಂ, ದಕ್ಷಿಣದಲ್ಲಿ ಟೆಲಿಕಾಂ ಬೇರು ಬಿಟ್ಟಿವೆ. ಪಾಸ್‌ಪೋರ್ಟ್ ತೋರಿಸಿ ನಿಜ ಹೆಸರಲ್ಲೇ ನೋಂದಾಯಿಸಬೇಕು. ವೇಗಕ್ಕೆ ಕೊರತೆಯಿಲ್ಲ. ತೊಂದರೆ ಶುರುವಾಗುವುದು ಮಲ್ಲೇಶ್ವರದ ಅಮ್ಮನಿಗೆ ವಿಡಿಯೊ ಕಾಲ್ ಮಾಡುವಾಗ. ಅಲ್ಲಿ ವಾಟ್ಸ್‌ಆ್ಯಪ್‌ಗೂ ಯೂಟ್ಯೂಬ್‌ಗೂ ತಡೆ. ಅಲ್ಲಿನವರ ವೀಚಾಟ್ ಅನ್ನು ಭಾರತ 2020ರ ಜೂನ್ 29ರಂದು 59 ಆ್ಯಪ್‌ಗಳ ಪಟ್ಟಿಯಲ್ಲಿ ಸೇರಿಸಿ ನಿಷೇಧಿಸಿತು. ಯಾವ ಕಂಪನಿಯ ಫೈಬರ್ ಹಾಕಿಸಿದರೂ ಈ ಗೋಡೆ ಕರಗುವುದಿಲ್ಲ. ಭಾರತದ ಸಿಮ್‌ನಲ್ಲಿ ರೋಮಿಂಗ್ ಡೇಟಾ ಇದ್ದರೆ ಸಾಮಾನ್ಯವಾಗಿ ಅದು ಇಲ್ಲಿನ ನೆಟ್‌ವರ್ಕ್ ಮೂಲಕ ಹೋಗುವುದರಿಂದ ವಾಟ್ಸ್‌ಆ್ಯಪ್ ತೆರೆದುಕೊಳ್ಳುತ್ತದೆ, ಖರ್ಚು ಮಾತ್ರ ಜೋರು.

ಇಲ್ಲಿಯವರಿಗೆ ಆ ಕಷ್ಟವಿಲ್ಲ, ಕಂಪನಿ ಸರಿಯಾಗಿ ಆರಿಸಿದರೆ ಸಾಕು. ಹಾಗಾಗಿ ವರ್ಷದ ದುಡ್ಡು ಒಟ್ಟಿಗೆ ಕಟ್ಟುವ ಆಫರ್‌ಗೆ ಬೀಳುವ ಮುಂಚೆ ಒಂದು ತಿಂಗಳ ಪ್ಲಾನ್ ತೆಗೆದುಕೊಳ್ಳಿ. ರಾತ್ರಿ ಎಂಟರಿಂದ ಹತ್ತರ ನಡುವೆ, ಇಡೀ ಬೀದಿ ಸೀರಿಯಲ್ಲು ಕ್ರಿಕೆಟ್ಟು ನೋಡುವಾಗ, ವೇಗ ಅಳೆಯಿರಿ. ದೂರು ಕೊಟ್ಟರೆ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಕಂಪನಿಯ ಮೇಲ್ಮನವಿ ವಿಭಾಗದಲ್ಲಿ ನಿಮ್ಮ ಮಾತು ನಡೆಯುವುದು ಕಷ್ಟ.