ಬೊಂಬೆಯಾಟವೂ ಮಾತಿನ ಪಾಠವೂ

ಮಗುವು ಕೋಲೊಂದನ್ನು ಕುದುರೆಯೆಂದು ಏರಿ ಓಡುತ್ತಿದ್ದರೆ, ಹಿರಿಯರಾದ ನಾವು ಅದನ್ನು ಕಾಲಹರಣವೆಂದೆಣಿಸುವುದುಂಟು. ಆದರೆ ಕೋಲಿಗೆ ಕುದುರೆಯೆಂದು ಹೆಸರಿಟ್ಟ ಮಗುವು ಭಾಷೆಯ ಮೂಲತತ್ತ್ವವನ್ನೇ ಹಿಡಿದಿದೆಯೆಂದು ತಿಳಿಯತಕ್ಕದ್ದು. ಎದುರಿಗಿಲ್ಲದ ವಸ್ತುವನ್ನು ಎದುರಿಗಿರುವುದರಿಂದ ಸೂಚಿಸುವುದೇ ಅಲ್ಲವೆ ಶಬ್ದದ ಕಾರ್ಯ? ರಷ್ಯಾದೇಶದ ಮನಶ್ಶಾಸ್ತ್ರಜ್ಞನಾದ ವೈಗಾಟ್‌ಸ್ಕಿಯು 1933ರಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ ಇದೇ ಕೋಲುಕುದುರೆಯನ್ನು ದೃಷ್ಟಾಂತವಾಗಿ ಕೊಟ್ಟಿದ್ದಾನೆ.

ನಮ್ಮ ಶ್ರೀನಿವಾಸಪುರದ ಸೀಮೆಗೆ ಈ ವಿಚಾರವು ಹೆಚ್ಚಾಗಿ ಸಲ್ಲುವುದು. ಆಂಧ್ರದ ಗಡಿಯು ಸಮೀಪವಾದುದರಿಂದ ಇಲ್ಲಿ ಅನೇಕ ಮನೆಗಳಲ್ಲಿ ತೆಲುಗೇ ಮನೆಮಾತು, ಶಾಲೆಯಲ್ಲಿ ಕನ್ನಡ. ಮನೆಯಲ್ಲಿ ಅರಳು ಹುರಿದಂತೆ ಮಾತನಾಡುವ ಮಗು ಶಾಲೆಯಲ್ಲಿ ಮೂಕವಾಗಿ ಕುಳಿತಿರುವುದನ್ನು ಉಪಾಧ್ಯಾಯರಾಗಿದ್ದಾಗ ನಾವು ಎಷ್ಟೋ ಸಲ ಕಂಡಿದ್ದೇವೆ.

ಅಂತಹ ಬಾಲಕಿಯೊಬ್ಬಳು ಒಂದು ದಿನ ಜಗಲಿಯ ಮೇಲೆ ಒಣಗಿದ ಮಾವಿನ ಓಟೆಗಳನ್ನು ಸಾಲಾಗಿಟ್ಟು ಸಂತೆಯಾಟವಾಡುತ್ತಿದ್ದಳು. ಒಂದು ಓಟೆ ಅಂಗಡಿಯವಳು, ಇನ್ನೊಂದು ಅಕ್ಕ. “ಅಕ್ಕ ಬಂತು, ಹಣ್ಣು ಕೇಳಿತು” ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ತೆಲುಗಿನ ಏಕವಚನದಲ್ಲಿ ಸ್ತ್ರೀಗೂ ನಪುಂಸಕಕ್ಕೂ ಕ್ರಿಯಾಪದದ ರೂಪ ಒಂದೇ. ಆದುದರಿಂದ ಅವಳ ಪ್ರಯೋಗವು ಸಹಜವೇ. ವ್ಯಾಕರಣಾಭಿಮಾನಿಗಳಾದ ನಾವು ಅಷ್ಟನ್ನೂ ಯೋಚಿಸದೆ “ಬಂತು ಅಲ್ಲ, ಬಂದಳು ಎನ್ನು” ಎಂದು ಗದರಿದೆವು. ಆಟವು ನಿಂತಿತು, ಮಾತೂ ನಿಂತಿತು. ಹಲವು ದಿನ ಅವಳು ನಮ್ಮೆದುರಿಗೆ ಬಾಯಿ ತೆರೆಯಲಿಲ್ಲ.

ತಪ್ಪು ನಮ್ಮದೆಂಬುದು ಮನಸ್ಸನ್ನು ಕೊರೆಯುತ್ತಲೇ ಇದ್ದಿತು. ಮತ್ತೊಮ್ಮೆ ಅವಳು ಸಂತೆ ಹೂಡಿದಾಗ ನಾವೂ ಜಗಲಿಯ ಮೇಲೆ ಕುಳಿತು ಗಿರಾಕಿಯಾದೆವು. “ಏನಮ್ಮಾ, ಹಣ್ಣು ಹೇಗೆ ಕೊಟ್ಟೆ?” ಎಂದೆವು. ಹುಡುಗಿ ನಕ್ಕಳು. “ಅಕ್ಕ ಬಂತು” ಎಂದಾಗ “ಓಹೋ, ಅಕ್ಕ ಬಂದಳೇ? ಏನು ಕೇಳಿದಳು?” ಎಂದೆವು. “ಎರಡು ಹಣ್ಣು ಕೇಳಿದಳು” ಎಂದು ಉತ್ತರ ಬಂದಿತು! ಗದರಿಕೆಯಿಂದಾಗದ ಕೆಲಸವು ಆಟದಿಂದಾಯಿತು.

ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಬಾಲಕ ರೋಹಸೇನನು ಮಣ್ಣಿನ ಬಂಡಿಯನ್ನೊಲ್ಲದೆ ಚಿನ್ನದ ಬಂಡಿಗಾಗಿ ಅಳುತ್ತಾನೆ. ಮಕ್ಕಳು ಅಳುವುದು ಸಹಜ. ಬೆಲೆಯುಳ್ಳ ಆಟಿಕೆಯಿಂದಲೇ ಬುದ್ಧಿ ಬೆಳೆಯುವುದೆಂದು ಹಿರಿಯರು ನಂಬುವುದು ಮಾತ್ರ ಸರಿಯಲ್ಲ. ಗುಂಡಿ ಒತ್ತಿದರೆ ತಾನೇ ಮಾತನಾಡುವ ಬೊಂಬೆಯು ಮಗುವಿನ ಮಾತನ್ನು ತಾನೇ ಆಡಿಬಿಡುತ್ತದೆ. ಹಾಲೆಮರದಲ್ಲಿ ಕಡೆದು ಅರಗಿನ ಬಣ್ಣವಿಟ್ಟ ಚನ್ನಪಟ್ಟಣದ ಬೊಂಬೆಯಾಗಲಿ, ಮಾವಿನ ಓಟೆಯಾಗಲಿ, ಮಾತನ್ನು ಮಗುವಿಗೇ ಬಿಟ್ಟುಕೊಡುತ್ತದೆ.

ಗೃಹಿಣಿಯರಲ್ಲಿ ನಮ್ಮ ವಿನಂತಿ ಇಷ್ಟೆ: ದಿನಕ್ಕೆ ಕಾಲು ಗಂಟೆ ಮಗುವಿನ ಅಂಗಡಿಗೆ ಗಿರಾಕಿಯಾಗಿ ಹೋಗಿರಿ. ನವರಾತ್ರಿಯಲ್ಲಿ ಬೊಂಬೆಗಳನ್ನು ಕೂರಿಸಿದಾಗ ಅವುಗಳ ಕಥೆಯನ್ನು ಮಗುವಿನಿಂದಲೇ ಹೇಳಿಸಿರಿ. ಯಾವ ಭಾಷೆಯಲ್ಲಿ ಹೇಳಿದರೂ ಕೇಳಿರಿ. ತಪ್ಪಿದಲ್ಲಿ ತಿದ್ದದೆ, ಸರಿಯಾದ ಮಾತಿನಲ್ಲಿ ಮುಂದಿನ ಪ್ರಶ್ನೆಯನ್ನು ಕೇಳಿರಿ. ಕೇಳುವ ಕಿವಿಯಿದ್ದಲ್ಲಿ ಮಾತು ತಾನಾಗಿ ಬೆಳೆಯುವುದು.